ಖಾಲಿ ಕುರ್ಚಿಗೆ ಚಪ್ಪಾಳೆ

ಚಪ್ಪಾಳೆ ತಟ್ಟುವವರಿಗೆ ಆ ಸ್ಟುಡಿಯೋದಲ್ಲಿ ಕಕ್ಕಸು ಇರಲಿಲ್ಲ. ಕಟ್ಟಡದಲ್ಲಿ ಮೂರಿದ್ದವು. ಒಂದು ವೇದಿಕೆ ಹತ್ತುವ ದೊಡ್ಡವರಿಗೆ, ಒಂದು ಕ್ಯಾಮೆರಾದವರಿಗೆ, ಇನ್ನೊಂದಕ್ಕೆ ಬೀಗ. ಚಪ್ಪಾಳೆಯವರು ಮನೆಯಲ್ಲೇ ಎಲ್ಲ ಮುಗಿಸಿಕೊಂಡು ಬರಬೇಕು. ಬೆಳಿಗ್ಗೆ ಏಳಕ್ಕೆ ಕೂತರೆ ಮಧ್ಯಾಹ್ನ ಒಂದರ ತನಕ ಏಳುವಂತಿಲ್ಲ. ನೀರು ಕುಡಿದರೆ ನಿಮ್ಮ ಕರ್ಮ. ತಲೆಯ ಮೇಲೆ ಸುಡುವ ದೀಪ, ಕೆಳಗೆ ಒರಗಲು ಬೆನ್ನಿಲ್ಲದ ಬೆಂಚು, ತೊಡೆಗೆ ತೊಡೆ ತಾಗಿಸಿ ಕೂತ ಅರವತ್ತು ಜನ. ಇವರಿಗೆ ಟೀವಿಯವರು 'ಪ್ರೇಕ್ಷಕರು' ಎಂದು ಹೆಸರಿಟ್ಟಿದ್ದರು.

ಟೀವಿಯಕ್ಕ ಮೊದಲ ಸಾಲಿನವಳು. ಆ ಹೆಸರು ಅವಳ ಓಣಿಯವರು ಇಟ್ಟದ್ದು. ಸ್ಟುಡಿಯೋದಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಮೊದಲ ಸಾಲು ಅವಳಿಗೆ ಸಿಕ್ಕಿದ್ದು ಅಂದಕ್ಕಲ್ಲ, ಅಂಗೈಗೆ. ಹದಿನೆಂಟು ವರ್ಷ ತೊಗಲು ಹೆರೆದ ಅಂಗೈ ಅದು. ಸುಣ್ಣದ ತೊಟ್ಟಿಯಿಂದ ಹಸಿ ತೊಗಲು ಎಳೆದು, ದಿಮ್ಮಿಯ ಮೇಲೆ ಹಾಸಿ, ಎರಡು ಹಿಡಿಯ ಬಾಗಿದ ಕತ್ತಿಯಿಂದ ಕೂದಲೂ ಕೊಬ್ಬೂ ಹೆರೆಯುವ ಕೆಲಸ. ಕೈಯ ಮೇಲ್ಚರ್ಮವನ್ನು ಸುಣ್ಣ ತಿಂದಿತ್ತು. ಕೆಳಗಿನದು ಜಡ್ಡುಗಟ್ಟಿತ್ತು. ಎರಡು ಅಂಗೈ ಸೇರಿದರೆ ಹಲಗೆಗೆ ಹಲಗೆ ಬಡಿದ ಸದ್ದು. "ಈ ಕೈ ಒಂದಿದ್ರೆ ಹತ್ತು ಜನಾನ ಕಮ್ಮಿ ಕರೀಬಹುದು" ಎಂದಿದ್ದ ಮೇಸ್ತ್ರಿ. ಜನರನ್ನು ಕರೆತಂದು, ಕೂರಿಸಿ, ಚಪ್ಪಾಳೆ ತಟ್ಟಿಸುವವನು ಅವನೇ. ಆ ಕೈಗೆ ಆ ಸದ್ದು ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಹೇಳದಿರಲು ಕಾರಣವಿತ್ತು. ಮೊದಲ ದಿನ ಸಾಲಿನಲ್ಲಿ ಅವಳ ಮುಂದಿದ್ದ ಹೆಂಗಸು, ಮೇಸ್ತ್ರಿ ವಿಳಾಸ ಕೇಳಿದಾಗ, "ತೊಗಲೋಣಿ" ಅಂದಳು. ಮೇಸ್ತ್ರಿ ಪೆನ್ನು ಕೆಳಗಿಟ್ಟ. "ಅಲ್ಲಿಯವರು ಬೇಡಮ್ಮ. ಎಸಿ ಹಾಲ್ ಇದು. ವಾಸನೆ ನಿಂತುಬಿಡುತ್ತೆ." ಆ ಹೆಂಗಸು ತನ್ನ ತೋಳನ್ನು ತಾನೇ ಮೂಸಿಕೊಂಡು, ತಲೆ ತಗ್ಗಿಸಿ ಹೊರಟುಹೋದಳು. ಮುಂದಿನವಳು ಟೀವಿಯಕ್ಕ. ಅವಳೂ ಅದೇ ಓಣಿಯವಳು. "ಹಿಟ್ಟಿನ ಗಿರಣಿ ಹಿಂದೆ" ಎಂದು ಬರೆಸಿದಳು. ಅಂದಿನಿಂದ ಕೆಲಸಕ್ಕೆ ಹೊರಡುವ ಮೊದಲು ಮೂರು ಸಲ ಸೋಪು, ಒಂದು ಸಲ ನಿಂಬೆಸಿಪ್ಪೆ. ಚರ್ಮ ಕೆಂಪಾಗುವ ತನಕ ಉಜ್ಜುತ್ತಿದ್ದಳು.

ಆ ಕೆಲಸದ ಒಳಗುಟ್ಟು ಇಷ್ಟೆ: ಚಪ್ಪಾಳೆ ಮೊದಲು, ಮಾತು ಆಮೇಲೆ. ಮಾತಾಡುವ ದೊಡ್ಡವರ ಹೊತ್ತಿಗೆ ಬೆಲೆಯಿದೆ, ಅವರನ್ನು ಕಾಯಿಸುವಂತಿಲ್ಲ. ಅದಕ್ಕೆ ವೇದಿಕೆಯ ಕುರ್ಚಿಗಳು ಖಾಲಿ ಇರುವಾಗಲೇ ಕೇಳುವವರ ಮುಖಗಳನ್ನು ಹಿಡಿದಿಟ್ಟುಕೊಳ್ಳುವುದು. ಮೇಸ್ತ್ರಿ ಖಾಲಿ ಕುರ್ಚಿಗಳ ನಡುವೆ ನಿಂತು ಕೂಗುತ್ತಿದ್ದ. "ಈಗ ನಿಮ್ಮನೆಗೆ ಚಿನ್ನ ಬಂತು, ನಗಿ. ಈಗ ಪಕ್ಕದ ಮನೆಗೂ ಬಂತು, ಮುಖ ಸಪ್ಪಗೆ ಮಾಡಿ. ಈಗ ಯಾರೋ ಸತ್ಯ ಹೇಳ್ತಿದಾರೆ, ತಲೆ ಆಡಿಸಿ. ಕಣ್ಣು ಒರೆಸ್ಕೊಳ್ಳಿ. ಈಗ ತಟ್ಟಿ." ಅರವತ್ತು ಜನ ಖಾಲಿ ಕುರ್ಚಿಗೆ ಚಪ್ಪಾಳೆ ತಟ್ಟುತ್ತಿದ್ದರು. ಆ ಮುಖಗಳನ್ನೆಲ್ಲ ಕಂಪನಿ ಕೂಡಿಟ್ಟುಕೊಳ್ಳುತ್ತಿತ್ತು. ಬೇಕಾದಾಗ ಬೇಕಾದ ಮಾತಿನ ಪಕ್ಕ ಅಂಟಿಸುತ್ತಿತ್ತು. ಹಾಡಿನ ಸ್ಪರ್ಧೆಗೆ, ನಗೆಯ ಕಾರ್ಯಕ್ರಮಕ್ಕೆ ಅಂಟಿಸುತ್ತಾರೆಂದು ಟೀವಿಯಕ್ಕನಿಗೆ ಗೊತ್ತಿತ್ತು. ಅದರಲ್ಲಿ ತಪ್ಪೇನೂ ಅವಳಿಗೆ ಕಂಡಿರಲಿಲ್ಲ. ಹಾಡು ಯಾರದಾದರೇನು, ಚಪ್ಪಾಳೆ ಚಪ್ಪಾಳೆಯೇ.

ತೊಗಲೋಣಿ ಹುಟ್ಟಿ ಮೂರು ತಲೆಮಾರು. ಎದುರಿಗೆ ಇಪ್ಪತ್ತು ಅಂತಸ್ತಿನ ಮನೆಗಳು ಎದ್ದು ಆರು ವರ್ಷ. ವಾಸನೆ ಮೊದಲೇ ಇತ್ತು, ಮೂಗುಗಳು ಆಮೇಲೆ ಬಂದವು. ಬಂದ ಮೂಗುಗಳು ಅರ್ಜಿ ಕೊಟ್ಟವು. ಓಣಿಯನ್ನು ಎತ್ತಿಸಬೇಕು, ಊರಾಚೆ ಎಸೆಯಬೇಕು. ಓಣಿಯವರೂ ಅರ್ಜಿ ಕೊಟ್ಟರು. ಸೋಮವಾರ ಸರ್ಕಾರಿ ಸಾಹೇಬರ ಎದುರು ವಿಚಾರಣೆ ಎಂದು ನೋಟಿಸು ಬಂತು. ಎಪ್ಪತ್ತೊಂದು ಮನೆಗಳ ಗತಿ ಆ ಸೋಮವಾರದ ಮೇಲೆ ನಿಂತಿತ್ತು.

ಅದಕ್ಕೆ ಮೂರು ದಿನ ಮುಂಚೆ, ಶುಕ್ರವಾರ ಸಂಜೆ, ಟೀವಿಯಲ್ಲಿ ಓಣಿಯ ಬಗ್ಗೆಯೇ ಚರ್ಚೆ. ನಾದಿನಿಯ ಮನೆಯ ಟೀವಿಯ ಮುಂದೆ ಅರ್ಧ ಓಣಿ ತುಂಬಿತ್ತು. ನಾದಿನಿ ಎಂದರೆ ಟೀವಿಯಕ್ಕನ ಗಂಡನ ತಂಗಿ, ಪಕ್ಕದ ಮನೆಯವಳು. ಟೀವಿಯಕ್ಕನ ಗಂಡ ಓಣಿಯ ತೊಗಲು ಕಾರ್ಖಾನೆಯ ತೊಟ್ಟಿ ತೊಳೆಯಲು ಇಳಿದವನು ಮೇಲೆ ಬರಲಿಲ್ಲ. ಎಂಟು ವರ್ಷವಾಯಿತು. ಅಂದು ಅವಳನ್ನು ತಬ್ಬಿ ಹಿಡಿದವಳು ಇದೇ ನಾದಿನಿ. ಈಗಲೂ ಅವಳು ಅತ್ತಿಗೆಗೆ ಮುಂದೆ ಜಾಗ ಬಿಡಿಸಿ ಕೂರಿಸಿದಳು. "ನಮ್ಮ ಟೀವಿಯಕ್ಕ ಇದಾಳಲ್ಲ, ಯಾರು ಏನು ಅಂತ ಹೇಳ್ತಾಳೆ."

ಕನ್ನಡಕದ ಒಬ್ಬ ದೊಡ್ಡ ಮನುಷ್ಯ ಮಾತಿಗೆ ತೊಡಗಿದ. ಬೆಣ್ಣೆಯಂಥ ಮಾತು. "ಆ ಓಣಿ ಈ ನಗರದ ಮುಖದ ಮೇಲಿನ ಹುಣ್ಣು. ಹುಣ್ಣನ್ನು ಕತ್ತರಿಸಲೇಬೇಕು. ನಿಜ ಹೇಳಬೇಕೆಂದರೆ ಅಲ್ಲಿನ ಜನರಿಗೂ ಅದೇ ಬೇಕು."

ಪರದೆಯ ಮೇಲೆ ಟೀವಿಯಕ್ಕನ ಮುಖ. ತಲೆ ಆಡಿಸುತ್ತಿದೆ.

"ಆ ಮಕ್ಕಳನ್ನು ಆ ಹೊಲಸಿನಿಂದ ಬಿಡಿಸುವುದು ಪುಣ್ಯದ ಕೆಲಸ."

ಮತ್ತೆ ಅವಳ ಮುಖ. ಕಣ್ಣು ಒರೆಸಿಕೊಳ್ಳುತ್ತಿದೆ.

"ನಾಳೆಯೇ ಕೆಡವಿ ಎನ್ನುತ್ತೇನೆ ನಾನು."

ಅವಳು ನಗುತ್ತಿದ್ದಾಳೆ. ಎರಡೂ ಕೈ ಎತ್ತಿ ತಟ್ಟುತ್ತಿದ್ದಾಳೆ. ಹಲಗೆಗೆ ಹಲಗೆ ಬಡಿದ ಸದ್ದು. ಆ ಸದ್ದು ಓಣಿಯವರಿಗೆಲ್ಲ ಗೊತ್ತಿದ್ದದ್ದೇ.

ನಾದಿನಿ ಟೀವಿ ಆರಿಸಿದಳು.

"ಅದು ಬೆಳಿಗ್ಗೆ ತಟ್ಟಿದ್ದು" ಎಂದಳು ಟೀವಿಯಕ್ಕ. "ಯಾವತ್ತಿನದೋ ಏನೋ. ಆವಾಗ ಅಲ್ಲಿ ಯಾರೂ ಇರ್ಲಿಲ್ಲ. ಖಾಲಿ ಕುರ್ಚಿ ಇತ್ತು."

"ಕುರ್ಚಿಗೆ ಚಪ್ಪಾಳೆ ತಟ್ಟಿದ್ಯಾ?" ಎಂದಳು ನಾದಿನಿ.

"ಹೌದು."

"ಕುರ್ಚಿ ನೋಡಿ ಕಣ್ಣೀರೂ ಬಂತಾ?"

ಯಾರೋ ಕಿಸಕ್ಕನೆ ನಕ್ಕರು. ಉಳಿದವರು ನಗಲಿಲ್ಲ. ನಾದಿನಿ ಬಾಗಿಲ ಕಡೆ ಕೈ ತೋರಿಸಿದಳು. "ಏಳು ಅತ್ತಿಗೆ. ಅಣ್ಣ ಸತ್ತ ಜಾಗ ಇದು. ಅದನ್ನ ಕೆಡವಿ ಅಂದವನಿಗೆ ತಲೆ ಆಡಿಸಿದ್ಯಲ್ಲ. ಏಳು, ಹೋಗು."

ಮರುದಿನ ನಲ್ಲಿಯ ಹತ್ತಿರ ಅವಳ ಕೊಡವನ್ನು ಯಾರೋ ಸಾಲಿನಿಂದ ಎತ್ತಿ ಪಕ್ಕಕ್ಕಿಟ್ಟಿದ್ದರು. ಮತ್ತೆ ಸಾಲಿಗೆ ಇಟ್ಟಳು. ಮತ್ತೆ ಪಕ್ಕಕ್ಕೆ ಹೋಯಿತು. ಖಾಲಿ ಕೊಡ ಹಿಡಿದು ಮನೆಗೆ ಬಂದಳು. ಒಳಗೆ ಅತ್ತೆ ಕೂತಿದ್ದಳು. ಅವಳ ಹತ್ತೂ ಬೆರಳ ಗೆರೆಗಳನ್ನು ಸುಣ್ಣ ಅಳಿಸಿಹಾಕಿತ್ತು. ಸರ್ಕಾರದ ಯಾವ ಯಂತ್ರಕ್ಕೂ ಆ ಮುದುಕಿಯ ಗುರುತು ಸಿಗುತ್ತಿರಲಿಲ್ಲ.

"ನೀನೂ ನಂಬಲ್ವಾ ಅತ್ತೆ?"

ಅತ್ತೆ ತುಂಬಾ ಹೊತ್ತು ಸೊಸೆಯ ಮುಖ ನೋಡಿದಳು. "ಮುಖ ನಿಂದೇ. ಕೈ ನಿಂದೇ. ಆದ್ರೂ ನಾನಲ್ಲ ಅಂತೀಯ. ನಂಗೆ ತಲೆಗೆ ಹತ್ತಲ್ಲ ಕಣೇ. ಆದ್ರೆ ನೀನು ಸುಳ್ಳು ಹೇಳುವಾಗ ಕಿವಿ ಮುಟ್ಕೋತೀಯ, ಈಗ ಮುಟ್ಕೊಂಡಿಲ್ಲ. ಹೋಗು, ಆ ಮೇಸ್ತ್ರಿ ಹತ್ರ ಬರೆಸ್ಕೊಂಡು ಬಾ. ಬರೆದದ್ದಾದ್ರೆ ಸಾಹೇಬ್ರು ಓದ್ತಾರೆ."

ಸೋಪು ಹಚ್ಚದೆ, ನಿಂಬೆ ಉಜ್ಜದೆ, ಹಾಗೇ ಹೊರಟಳು. ಮೇಸ್ತ್ರಿ ಹಿಂಬಾಗಿಲಲ್ಲಿ ಬೆಂಚು ಇಳಿಸಿಕೊಳ್ಳುತ್ತಿದ್ದ.

"ಅಣ್ಣ, ಒಂದು ಸಾಲು ಬರ್ದುಕೊಡಿ. ಆ ಚಪ್ಪಾಳೆ ಆ ಮಾತಿಗೆ ತಟ್ಟಿದ್ದಲ್ಲ ಅಂತ. ಅಷ್ಟು ಸಾಕು."

"ಕಾಗದಕ್ಕೆ ಸೈನು ಹಾಕಿದೀಯಲ್ಲಮ್ಮ. ಮುಖ ಒಂದು ಸಲ ಕೊಟ್ಟ ಮೇಲೆ ಅದು ಕಂಪನಿದು. ಎಲ್ಲಿ ಬೇಕಾದ್ರೂ ಹಾಕ್ಕೋತಾರೆ. ನಿಂಗೇನು ಕಷ್ಟ?"

"ಅದು ನನ್ನ ಓಣಿ."

ಬಾಯಿಂದ ಬಂದುಹೋಯಿತು. ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ. ಅವನ ಮೂಗು ಅರಳಿತು. ಒಂದೂವರೆ ವರ್ಷ ಅವಳ ಪಕ್ಕದಲ್ಲೇ ನಿಂತು ಕೂಗಿದವನು ಈಗ ಮೂಸಿ ನೋಡುತ್ತಿದ್ದ. ಕಪಾಳಕ್ಕೆ ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಆಮೇಲೆ ಅವನ ಕಣ್ಣಲ್ಲಿ ಬೇರೇನೋ ಹೊಳೆಯಿತು.

"ಓಣಿಯವಳಾ ನೀನು? ಮೊದ್ಲೇ ಹೇಳಬಾರ್ದಾ? ಇನ್ನು ಬೆಂಚಲ್ಲಿ ಯಾಕೆ ಕೂರ್ತೀಯ, ವೇದಿಕೆ ಮೇಲೆ ಕೂರಿಸ್ತೀನಿ. 'ನಮಗೆ ಇಲ್ಲಿ ಸಾಕಾಗಿದೆ, ಹೋಗ್ತೀವಿ' ಅನ್ನು. ಅಷ್ಟೇ. ನಿಂಗೊಂದು ಮನೆ ಆಗುತ್ತೆ, ನಾನು ಮಾತಾಡ್ತೀನಿ. ನಲ್ಲಿ ಒಳಗೇ ಇರೋ ಮನೆ."

ನಲ್ಲಿ ಒಳಗೇ ಇರುವ ಮನೆ. ಸುಳ್ಳೇಕೆ, ಅವಳ ಮನಸ್ಸು ಒಂದು ಗಳಿಗೆ ಅಲ್ಲಿಗೆ ಹೋಯಿತು. ಕೊಡ ಎತ್ತಿಟ್ಟ ಕೈಗಳು ನೆನಪಾದವು. ಅಂಥವರಿಗಾಗಿ ನಾನೇಕೆ ಸಾಯಬೇಕು ಅನ್ನಿಸಿತು. ತಾನು ಇನ್ನೊಂದು ವಿಳಾಸ ಬರೆಸಿದ ದಿನ ತಲೆ ತಗ್ಗಿಸಿ ಹೋದ ಆ ಹೆಂಗಸೂ ನೆನಪಾದಳು.

"ಆಗಲ್ಲ ಅಣ್ಣ" ಎಂದಳು.

"ಯೋಚನೆ ಮಾಡು" ಎಂದ ಮೇಸ್ತ್ರಿ.

ಯೋಚನೆ ಮಾಡಿದ್ದು ಅವನು. ಭಾನುವಾರ ಅದೇ ಚರ್ಚೆ ಮತ್ತೆ ಬಂತು. ಈ ಸಲ ಅವಳ ಮುಖದ ಕೆಳಗೆ ದಪ್ಪ ಅಕ್ಷರ: 'ಓಣಿಯ ನಿವಾಸಿಯಿಂದಲೇ ಒಪ್ಪಿಗೆ'. ಗಾಯ ತೋರಿಸಲು ಹೋದವಳಿಗೆ ಬರೆ ಎಳೆದು ಕಳಿಸಿದಂತಾಯಿತು. ಅವಳ ಬಾಗಿಲಿಗೆ ಯಾರೋ ಸಗಣಿ ಎಸೆದರು. ಅತ್ತೆ ಎದ್ದು ತೊಳೆದಳು.

ಸೋಮವಾರ ಸಾಹೇಬರ ಕಚೇರಿಯ ದೊಡ್ಡ ಕೋಣೆ. ಉದ್ದ ಮೇಜು, ಗೋಡೆಗೆ ಒರಗಿ ನಿಂತ ಓಣಿಯವರು. ಕುರ್ಚಿಗಳಿದ್ದವು, ಕೂರಿ ಎಂದು ಯಾರೂ ಅನ್ನಲಿಲ್ಲ. ಟೀವಿಯಕ್ಕ ಅತ್ತೆಯ ಕೈ ಹಿಡಿದು ಎಲ್ಲರಿಂದ ದೂರ, ಮೂಲೆಯಲ್ಲಿ ನಿಂತಳು. ಮೇಸ್ತ್ರಿ ಒಬ್ಬ ಕ್ಯಾಮೆರಾದವನೊಂದಿಗೆ ಬಂದ. ಅವಳ ಕಡೆ ನೋಡಲಿಲ್ಲ.

ಕ್ಯಾಮೆರಾದವನು ನೇರ ಸಾಹೇಬರ ಹತ್ತಿರ ಹೋದ. "ಸರ್, ಶುರುವಾಗೋ ಮುಂಚೆ ನಿಮ್ಮದು ಒಂದೆರಡು ತಗೋತೀನಿ. ಯಾರೋ ಮಾತಾಡ್ತಿರೋ ಹಾಗೆ ಆ ಕಡೆ ನೋಡಿ. ತಲೆ ಆಡಿಸಿ. ಇನ್ನೊಂದು ಸಲ. ಸ್ವಲ್ಪ ಗಂಭೀರವಾಗಿ." ಸಾಹೇಬರು ಶರ್ಟಿನ ಕಾಲರು ಸರಿಮಾಡಿಕೊಂಡು, ಖಾಲಿ ಗೋಡೆಯ ಕಡೆ ನೋಡಿ, ನಾಲ್ಕು ಸಲ ತಲೆ ಆಡಿಸಿದರು. ಟೀವಿಯಕ್ಕ ಕಣ್ಣು ಮಿಟುಕಿಸದೆ ನೋಡಿದಳು.

ವಿಚಾರಣೆ ಶುರುವಾಯಿತು. ನಾದಿನಿ ಓಣಿಯವರ ಪರವಾಗಿ ಮಾತಾಡಿದಳು. ಸತ್ತವರ ಲೆಕ್ಕ ಹೇಳಿದಳು. ಊರಿನವರ ಕಾಲಿಗೆ ಚಪ್ಪಲಿ ಕೊಟ್ಟವರು ನಾವು, ಈಗ ನಮ್ಮ ಕಾಲ ಕೆಳಗಿನ ನೆಲ ಕೇಳ್ತೀರಿ ಎಂದಳು. ಸಾಹೇಬರು ಗಡಿಯಾರ ನೋಡಿ, ಮೇಜಿನ ಮೇಲಿದ್ದ ಫೋನನ್ನು ಅವಳ ಕಡೆ ತಿರುಗಿಸಿದರು. ಟೀವಿಯಕ್ಕನ ಮುಖ ನಗುತ್ತಿತ್ತು. ಸದ್ದು ಕೋಣೆಗೆಲ್ಲ ಕೇಳಿಸಿತು.

"ನಿಮ್ಮವರೇ ಒಪ್ಪಿದಾರೆ. ಊರೆಲ್ಲ ನೋಡಿದೆ. ಇನ್ನೇನು ಹೇಳ್ತೀರಿ?"

ನಾದಿನಿ ತಿರುಗಿ ಮೂಲೆಯ ಕಡೆ ನೋಡಿದಳು. ಆ ನೋಟಕ್ಕೆ ಟೀವಿಯಕ್ಕನ ಕಾಲುಗಳು ತಾವಾಗಿ ಮುಂದೆ ಬಂದವು.

"ಸಾಹೇಬ್ರೇ, ಅದು ನಾನು."

ಹೇಳಿದಳು. ಬೆಂಚು, ದೀಪ, ಖಾಲಿ ಕುರ್ಚಿ, ಎಲ್ಲ ಹೇಳಿದಳು. ಸಾಹೇಬರು ಕೇಳುತ್ತ ಕಾಗದ ತಿರುವಿದರು. ಮೇಸ್ತ್ರಿ ಒಂದು ಹಾಳೆ ಅವರ ಮುಂದೆ ಸರಿಸಿದ.

"ಕಂಪನಿ ಕಾಗದದಲ್ಲಿ ನಿಮ್ಮ ಮನೆ ಹಿಟ್ಟಿನ ಗಿರಣಿ ಹಿಂದೆ ಅಂತಿದೆ. ಸೈನು ನಿಮ್ಮದೇ. ನೀವು ಗಿರಣಿಯವರಾದ್ರೆ ಇಲ್ಲಿ ಮಾತಾಡೋ ಹಕ್ಕಿಲ್ಲ. ಓಣಿಯವರಾದ್ರೆ ಒಪ್ಪಿಗೆ ಕೊಟ್ಟಾಗಿದೆ. ಯಾವುದು ಬರ್ಕೊಳ್ಳಲಿ?" ಎಂದರು ಸಾಹೇಬರು.

ಅತ್ತ ದರಿ ಇತ್ತ ಪುಲಿ. ಗುಮಾಸ್ತನೊಬ್ಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಓಣಿಯವಳು ಅಂತ ಬರ್ಕೊಳ್ಳಿ" ಎಂದಳು. "ಗಿರಣಿ ಅಂತ ಸುಳ್ಳು ಹೇಳಿದೆ. ಯಾಕಂದ್ರೆ ಓಣಿ ಅಂದವಳನ್ನ ನನ್ನ ಕಣ್ಣೆದುರೇ ಓಡಿಸಿದ್ರು, ನಾರ್ತೀಯ ಅಂತ. ಹೊಟ್ಟೆಗಾಗಿ ನಾನು ನನ್ನ ಮನೇನ ಇಲ್ಲ ಅಂದೆ. ಅದು ನಾನು ಮಾಡಿದ ತಪ್ಪು. ಓಣಿಯವರು ನನ್ನ ಮುಖಕ್ಕೆ ಉಗೀಲಿ, ಒರೆಸ್ಕೋತೀನಿ. ಆದ್ರೆ ಚಪ್ಪಾಳೆ ನಂದಲ್ಲ."

"ಕಣ್ಣಿಗೆ ಕಾಣ್ತಿದೆಯಲ್ಲಮ್ಮ."

"ನೀವೂ ಈಗ ತಲೆ ಆಡಿಸಿದ್ರಿ ಸಾಹೇಬ್ರೇ. ನಾಲ್ಕು ಸಲ. ಆವಾಗ ನಾವ್ಯಾರೂ ಬಾಯಿ ಬಿಟ್ಟಿರ್ಲಿಲ್ಲ. ಗೋಡೆಗೆ ತಲೆ ಆಡಿಸಿದ್ರಿ. ಇವತ್ತು ಸಂಜೆ ಅದನ್ನ ಯಾವ ಮಾತಿಗೆ ಅಂಟಿಸ್ತಾರೆ ಗೊತ್ತಾ? 'ಸಾಹೇಬ್ರು ಲಂಚ ತಿಂತಾರೆ' ಅಂತ ನಾನೀಗ ಅಂದ್ರೆ, ಅದಕ್ಕೂ ನೀವು ಹೌದು ಹೌದು ಅಂದ ಹಾಗೆ ಕಾಣುತ್ತೆ. ಒಪ್ಪಿದ್ರಿ ಅಂತ ಬರ್ಕೊಳ್ಳೋಣ್ವಾ?"

ಸಾಹೇಬರ ಕುತ್ತಿಗೆ ಕೆಂಪೇರಿತು. ಅವರು ಅವಳನ್ನು ನೋಡಲಿಲ್ಲ. ಕ್ಯಾಮೆರಾದವನನ್ನು ನೋಡಿದರು.

"ಏನಯ್ಯ, ಅದನ್ನ ಅಳಿಸು."

"ಸರ್, ಅದು ಸುಮ್ನೆ..."

"ಅಳಿಸು ಅಂದೆ. ನನ್ನೆದುರಿಗೆ."

ಕ್ಯಾಮೆರಾದವನು ಎರಡು ಗುಂಡಿ ಒತ್ತಿದ. ಸಾಹೇಬರು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡರು. ಅಷ್ಟು ಸುಲಭವಿತ್ತು ಅದು. ಎರಡು ಗುಂಡಿ.

"ನಂದೂ ಅಳಿಸಿ" ಎಂದಳು ಟೀವಿಯಕ್ಕ.

ನಾದಿನಿಯ ಬಾಯಿ ಅರ್ಧ ತೆರೆದಿತ್ತು. ಗೋಡೆಗೆ ಒರಗಿದ್ದವರಲ್ಲಿ ಒಬ್ಬ "ಅಯ್ಯೋ ಇದಾ" ಎಂದ, ತನಗೆ ತಾನೇ. ಶುಕ್ರವಾರದಿಂದ ಬಾಯಿ ಸೋತು ಹೇಳಿದರೂ ತಲೆಗೆ ಹತ್ತದ್ದು ಈಗ ಹತ್ತಿತ್ತು.

"ನಿಮ್ಮದು ಪ್ರಸಾರ ಆಗಿದೆ. ಅದು ದಾಖಲೆ." ಸಾಹೇಬರು ಕಾಗದವೊಂದನ್ನು ಮುಂದೆ ತಳ್ಳಿದರು. "ನಿಮ್ಮ ಮಾತು ಕೇಳಿದೀವಿ ಅಂತ ಬರೆದಿದೆ ಅಷ್ಟೆ. ಸೈನು ಹಾಕಿ ಹೋಗಿ."

"ಮುಖ ಕೇಳ್ದೆ ತಗೊಂಡ್ರಿ. ಸೈನು ನಾನೇ ಕೊಡಬೇಕು. ಕೊಡಲ್ಲ."

ಅವಳು ಕಾಗದವನ್ನು ವಾಪಸು ಸರಿಸಿದಳು. ನಾದಿನಿಯೂ ಹಾಕಲಿಲ್ಲ. ಓಣಿಯವರು ಯಾರೂ ಹಾಕಲಿಲ್ಲ. ಒಬ್ಬೊಬ್ಬರೇ ಮೇಜಿನ ತನಕ ಬಂದು, ಪೆನ್ನು ನೋಡಿ, ಹೊರಟರು. ಮೆಟ್ಟಿಲ ಮೇಲೆ ನಾದಿನಿ ಅವಳ ಪಕ್ಕ ನಡೆದಳು. ತಪ್ಪಾಯ್ತು ಅನ್ನಲಿಲ್ಲ. ಅತ್ತೆಯ ಇನ್ನೊಂದು ಕೈ ಹಿಡಿದುಕೊಂಡಳು.

ಇಲ್ಲಿಗೆ ಗೆದ್ದರು ಎಂದು ಬರೆದರೆ ಕೇಳುವವರಿಗೆ ಹಿತವಾಗಿರುತ್ತದೆ. ಗೆಲ್ಲಲಿಲ್ಲ. ಹನ್ನೆರಡನೆಯ ದಿನ ಆದೇಶ ಬಂತು. 'ಸ್ಥಳೀಯರ ಒಪ್ಪಿಗೆ ದಾಖಲೆಯಲ್ಲಿದೆ' ಎಂದು ಅದರಲ್ಲಿ ಬರೆದಿತ್ತು. ಹದಿನಾಲ್ಕನೆಯ ದಿನ ಬೆಳಿಗ್ಗೆ ಮೂರು ಯಂತ್ರಗಳು ಓಣಿಯ ಬಾಯಲ್ಲಿ ನಿಂತವು.

ಯಂತ್ರಗಳಿಗೂ ಮುಂಚೆ ಟೀವಿಯವರ ವ್ಯಾನು ಬಂದಿತ್ತು. ಮೇಸ್ತ್ರಿ ಇಳಿದ. ಈಗ ಅವನ ಮಾತಿನಲ್ಲಿ ಜೇನು. "ನಿಮ್ಮ ಪರವಾಗೇ ತೋರಿಸೋಣ. ಕೆಡವೋದು ಶುರುವಾದ್ರೆ ಧೂಳು, ಮುಖ ಕಾಣಲ್ಲ. ಈಗಲೇ ಅಳೋದು ತಗೊಂಡ್ಬಿಡೋಣ. ಅಜ್ಜಿ, ನೀವು ಮುಂದೆ ಬನ್ನಿ."

ಟೀವಿಯಕ್ಕ ಹೊರಗೆ ಎಳೆದಿಟ್ಟ ಪಾತ್ರೆಗಳ ಮಧ್ಯದಿಂದ ಎದ್ದಳು. ಭಾಷಣ ಮಾಡಲಿಲ್ಲ. ಓಣಿಯ ಕೊನೆಯಲ್ಲಿ ಕಾರ್ಖಾನೆಯ ಎತ್ತರದ, ಉದ್ದನೆಯ ಗೋಡೆಯಿತ್ತು. ಅಲ್ಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

"ಮುಖ ಕೊಡಬೇಡಿ" ಎಂದಳು. "ಇವರು ಹೋಗೋ ತನಕ ಯಾರೂ ಅಳಬೇಡಿ. ಈಗ ಅತ್ರೆ ಅದನ್ನ ಎಲ್ಲಿಗೆ ಅಂಟಿಸ್ತಾರೋ ಗೊತ್ತಿಲ್ಲ."

ಮೊದಲು ಅತ್ತೆ ಬಂದಳು. ಆಮೇಲೆ ನಾದಿನಿ. ಆಮೇಲೆ ಮನೆ ಮನೆಯಿಂದ ಬಂದರು. ಎಪ್ಪತ್ತೊಂದು ಮನೆಯ ಜನ ಗೋಡೆಗೆ ಮುಖ ಮಾಡಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತರು. ಬೆನ್ನು ತೋರಿಸುವುದು ಹೇಡಿಗಳ ಕೆಲಸ ಎನ್ನುತ್ತಾರೆ ಹೊಟ್ಟೆ ತುಂಬಿದವರು. ಮೇಸ್ತ್ರಿ ಈ ತುದಿಗೆ ಓಡಿದ, ಆ ತುದಿಗೆ ಓಡಿದ. ಕ್ಯಾಮೆರಾದವನು ಗೋಡೆಗೂ ಜನಕ್ಕೂ ನಡುವೆ ನುಗ್ಗಲು ನೋಡಿದ. ಅಲ್ಲಿ ಜಾಗವಿರಲಿಲ್ಲ. ಹಣೆ ಇಟ್ಟಿಗೆಗೆ ತಾಗುವಷ್ಟು ಹತ್ತಿರ ನಿಂತಿದ್ದರು.

ಹಿಂದಿನಿಂದ ಯಂತ್ರ ಗುಡುಗಿತು. ನೋಡದೆಯೂ ಎಲ್ಲರಿಗೂ ತಿಳಿಯುತ್ತಿತ್ತು. ತಗಡು ಹರಿದ ಸದ್ದು.

"ನಮ್ಮದು" ಎಂದ ಒಬ್ಬ.

ಗೋಡೆ ಕುಸಿದ ಸದ್ದು. "ನಿಮ್ಮದಲ್ವಾ ಅಕ್ಕ?" "ಹೂಂ, ನಮ್ಮದೇ."

ಆಮೇಲೆ ಹತ್ತಿರದಲ್ಲೇ ಮರದ ಬಾಗಿಲು ಮುರಿಯಿತು. ಅತ್ತೆಯ ಬೆರಳುಗಳು ಟೀವಿಯಕ್ಕನ ಮೊಣಕೈಯೊಳಗೆ ಇಳಿದವು. ಮಗನ ಹೆಣವನ್ನು ಒಳಗೆ ತಂದದ್ದು ಆ ಬಾಗಿಲಿನಿಂದ. ಮುದುಕಿಯ ಗಂಟಲಿನಿಂದ ಏನೋ ಹೊರಡಲಿತ್ತು. ಟೀವಿಯಕ್ಕ ಅವಳ ಬಾಯಿಯ ಮೇಲೆ ತನ್ನ ಒರಟು ಅಂಗೈ ಇಟ್ಟಳು. "ಇನ್ನು ಸ್ವಲ್ಪ ತಡಿ ಅತ್ತೆ. ಇನ್ನು ಸ್ವಲ್ಪ."

ಎರಡು ಗಂಟೆ ಹಾಗೆ ನಿಂತರು. ಮಗುವೊಂದು ಅಳಲು ಶುರುಮಾಡಿದಾಗ ತಾಯಿ ಅದರ ಮುಖವನ್ನು ಎದೆಗೆ ಒತ್ತಿಕೊಂಡಳು. ಮೇಸ್ತ್ರಿ ಕೊನೆಗೆ ಕಾಲಿನ ಧೂಳು ಝಾಡಿಸಿ, "ಇವರಿಗೆ ಒಳ್ಳೇದು ಮಾಡೋಕೆ ಬಂದ್ರೂ ಹೀಗೆ" ಎಂದು ಬೈದುಕೊಂಡು ವ್ಯಾನು ಹತ್ತಿದ. ವ್ಯಾನು ತಿರುಗುವ ಸದ್ದು, ರಸ್ತೆ ಸೇರುವ ಸದ್ದು, ದೂರವಾಗುವ ಸದ್ದು. ಒಬ್ಬ ಮಾತ್ರ ಕತ್ತು ತಿರುಗಿಸಿ ನೋಡಿದ.

"ಹೋದ್ರು" ಎಂದ.

ಟೀವಿಯಕ್ಕ ಅತ್ತೆಯ ಬಾಯಿಯಿಂದ ಕೈ ತೆಗೆದಳು. ಆಗ ತೊಗಲೋಣಿ ಅತ್ತಿತು. ಎದೆ ಬಡಿದುಕೊಂಡು, ನೆಲಕ್ಕೆ ಬಿದ್ದು, ಒಬ್ಬರ ಕೊರಳನ್ನೊಬ್ಬರು ತಬ್ಬಿಕೊಂಡು ಅತ್ತಿತು. ನಾದಿನಿ ಅತ್ತಿಗೆಯ ಹೆಗಲಿಗೆ ಹಣೆ ಗುದ್ದಿ ಗುದ್ದಿ ಅತ್ತಳು. ಆ ಅಳುವನ್ನು ಯಾವ ಟೀವಿಯೂ ತೋರಿಸಲಿಲ್ಲ. ಅದು ಅವರದಾಗಿಯೇ ಉಳಿಯಿತು.